ಎಡಗಿವಿಯ ಹಿಂದಿನ ಹುಳ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಈ ಮೀಸೆ ನನ್ನದಲ್ಲ.

ಕೆರೆಯಂಗಳದಲ್ಲಿ ಎಮ್ಮೆಗಳ ಮೈಯಿಂದ ಉಣ್ಣೆಹುಳ ಹೆಕ್ಕುವುದು ಒಂದು ಬೆಳ್ಳಕ್ಕಿಯ ಕಸುಬು. ಗಿರಾಕಿ ಒಬ್ಬಳೇ, ಕರಿಯಮ್ಮನೆಂಬ ಮುದಿ ಎಮ್ಮೆ. ಅವಳ ಮೈಮೇಲಿನ ಹುಳದಲ್ಲೇ ಗೂಡಿನ ಮೂರು ಮರಿಗಳ ಹೊಟ್ಟೆ ತುಂಬಬೇಕು.

ಒಂದು ಬೆಳಿಗ್ಗೆ ಕಾಗೆಯೊಂದು ಎದುರಿಗೇ ಅದೇ ಕಸುಬು ಹೂಡಿ ಕೂಗಿತು: “ಜೊತೆಗೊಬ್ಬರನ್ನು ಕರೆತಂದವರಿಗೆ ಕೊಂಬು ಉಜ್ಜುವುದು ಪುಕ್ಕಟೆ.” ನಲವತ್ತು ಎಮ್ಮೆಗಳು ನುಗ್ಗಿದವು. ಕರಿಯಮ್ಮನೂ ತಂಗಿಯನ್ನು ಕಟ್ಟಿಕೊಂಡು ಹೋದಳು.

“ಏನಪ್ಪಾ ಬೆಳ್ಳಕ್ಕಿ, ನೀನೂ ಒಂದಿಷ್ಟು ಕೂಗಬಾರದೇ?” ಎಂದಿತು ಕಾಗೆ.

“ಕೂಗಿದರೆ ಬರುತ್ತಾರಣ್ಣ, ಉಳಿಯಬೇಕಲ್ಲ.”

ಮರಿಗಳ ಹೊಟ್ಟೆಯ ಚಿಂತೆಯಿದ್ದರೂ ಬೆಳ್ಳಕ್ಕಿಗೆ ತನ್ನ ಕೊಕ್ಕಿನ ಗುಣದ ಮೇಲೆ ನಂಬಿಕೆಯಿತ್ತು.

ಅತ್ತ ನಲವತ್ತು ಬೆನ್ನಿಗೆ ಒಂದೇ ಕೊಕ್ಕು. ಬೆನ್ನಿಂದ ಬೆನ್ನಿಗೆ ಹಾರುವ ಅವಸರದಲ್ಲಿ ಕಾಗೆ ಕರಿಯಮ್ಮನ ಹೆಗಲ ಹಳೇ ಹುಣ್ಣಿಗೇ ಕುಕ್ಕಿತು. ಅವಳು ಎದ್ದವಳೇ ಬೆಳ್ಳಕ್ಕಿಯ ಮುಂದೆ ಬಂದು ಕಿವಿ ಬಗ್ಗಿಸಿದಳು.

“ತುರಿಕೆ ಎಲ್ಲಿ ಅಂತ ನೆನಪಿದೆಯೇನೋ?”

“ಎಡಗಿವಿಯ ಹಿಂದೆ, ಮಡಿಕೆಯೊಳಗೆ. ಹುಣ್ಣಿನ ಹತ್ತಿರ ಸುಳಿಯುವುದಿಲ್ಲ, ಆರಾಮಾಗಿ ಮಲಗಕ್ಕ.”

ಕರಿಯಮ್ಮ ಸುಖವಾಗಿ ಕಣ್ಣು ಮುಚ್ಚಿದಳು. ಅದನ್ನು ಕಂಡ ತಂಗಿ ಯಾರೂ ಕರೆಯದೆ ಬಂದು ಹಿಂದೆ ನಿಂತಳು, ಅವಳ ಹಿಂದೆ ಇನ್ನಷ್ಟು ಎಮ್ಮೆಗಳು.

“ಇವತ್ತಿಗೆ ಇಬ್ಬರೇ. ಉಳಿದವರು ನಾಳೆ ಬನ್ನಿ,” ಎಂದಿತು ಬೆಳ್ಳಕ್ಕಿ. ಬಂದರು ಕೂಡ. ಕಾಗೆಯೂ ಬಂದು, “ತಪ್ಪಾಯಿತು ಮಾರಾಯ,” ಎಂದು ತಲೆ ತಗ್ಗಿಸಿತು.

ಈ ಕೊನೆಯ ಮಾತೊಂದನ್ನು ಮಾತ್ರ ನಾನು ಸೇರಿಸಿದ್ದು. ಕಾಗೆ ಈಗಲೂ ಅಲ್ಲೇ ಕೂಗುತ್ತಿದೆ.