ಊಟದಲ್ಲಿ ನಂಜಿದೆ

"ಯಾಕೆ ಬಂತು ಎಂದು ರೋಗಿ ಕೇಳಿದಾಗ ಗೊತ್ತಿಲ್ಲ ಎಂದುಬಿಟ್ಟರೆ, ಆಮೇಲೆ ಅವರಿಗೆ ವೈದ್ಯನ ಮೇಲೆ ನಂಬಿಕೆ ಉಳಿಯುತ್ತದೆಯೇ ಸರ್?"

ಕೇಳಿದವನು ಇಂದುಧರ. ಓದು ಮುಗಿಸಿ, ಕೆಲಸ ಕಲಿಯಲೆಂದು ಡಾಕ್ಟರ್ ಮರುಳಸಿದ್ದಯ್ಯನವರ ದವಾಖಾನೆಗೆ ಸೇರಿ ನಾಲ್ಕು ತಿಂಗಳಾಗಿತ್ತು. ಆ ದಿನ ಬೆಳಿಗ್ಗೆ ಅಂಗನವಾಡಿಯ ಟೀಚರೊಬ್ಬರು ಬಂದಿದ್ದರು. ಎಂಟು ತಿಂಗಳಿಂದ ಅವರಿಗೆ ಪಿತ್ತದ ಗಂಧೆ. ಮೈಮೇಲೆ ದದ್ದು ಏಳುತ್ತದೆ, ಕೆರೆಯುತ್ತದೆ, ಇಳಿಯುತ್ತದೆ, ಮತ್ತೆ ಏಳುತ್ತದೆ. ರಕ್ತ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ಯಾಕೆ ಬಂತು ಎಂದು ಅವರು ಕೇಳಿದ್ದಕ್ಕೆ ಇಂದುಧರ ತಿನ್ನಬಾರದ ಹದಿಮೂರು ಪದಾರ್ಥಗಳ ಪಟ್ಟಿ ಬರೆದಿದ್ದ. ಆ ಪಟ್ಟಿ ಗುರುಗಳ ಕಣ್ಣಿಗೆ ಬಿದ್ದಿತ್ತು.

"ಉಪ್ಪು, ನೀರು ಬಿಟ್ಟಿದ್ದೀಯಲ್ಲ, ದೊಡ್ಡ ಉಪಕಾರ," ಎಂದರು ಗುರುಗಳು. "ಇದರಲ್ಲಿ ಯಾವುದನ್ನು ತಿಂದಾಗ ಏಳುತ್ತದೆ ಎಂದು ಆಕೆ ಹೇಳಿದರು?"

"ಯಾವುದನ್ನೂ ಹೇಳಲಿಲ್ಲ ಸರ್. ಏನಾದರೂ ಹೇಳಬೇಕಲ್ಲ ಎಂದು ಬರೆದೆ."

"ಏನಾದರೂ ಹೇಳಬೇಕಲ್ಲ! ಪುಣ್ಯಾತ್ಮ, ಕೂತುಕೋ. ಹೀಗೇ ಏನಾದರೂ ಹೇಳಿದ ಒಬ್ಬ ವೈದ್ಯನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಗುರುಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಮನೆಯಲ್ಲಿ ಮೂರೇ ಜನ. ಅವನು, ಅವನ ತಾಯಿ, ಅವನ ಹೆಂಡತಿ. ಹೆಂಡತಿ ಆ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವಳ ಕೈಯ ಅಡುಗೆ ಚೆನ್ನ. ಬದನೇಕಾಯಿ ಎಣ್ಣೆಗಾಯಿ ಮಾಡಿದ ದಿನ ಗಂಡ ಒಂದು ರೊಟ್ಟಿ ಹೆಚ್ಚು ತಿನ್ನುತ್ತಿದ್ದ. ಅತ್ತೆ ಬಾಯಿ ಬಿಟ್ಟು ಹೊಗಳುವವಳಲ್ಲ, ಆದರೆ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದಳು. ಸುಳ್ಳು ಯಾಕೆ ಹೇಳಲಿ, ಆ ಮನೆ ನೆಮ್ಮದಿಯಾಗಿಯೇ ಇತ್ತು.

ಆಗ ವ್ಯಾಪಾರಿಗೆ ಪಿತ್ತದ ಗಂಧೆ ಶುರುವಾಯಿತು. ಸಂಜೆಯ ಹೊತ್ತಿಗೆ ಸೊಂಟದ ಸುತ್ತ, ತೊಡೆಯ ಮೇಲೆ ಅಗಲಗಲ ದದ್ದು. ಬೆಳಗಾದರೆ ಒಂದೂ ಇಲ್ಲ. ಮರುದಿನ ಬೆನ್ನಿಗೆ. ಅದರ ಮರುದಿನ ಕಣ್ಣಿನ ರೆಪ್ಪೆ ಊದಿತು. ತಕ್ಕಡಿ ಕೆಳಗಿಟ್ಟು ಗಿರಾಕಿಯ ಮುಂದೆಯೇ ಕೆರೆದುಕೊಳ್ಳುವ ಹಾಗಾಯಿತು. ತಾಯಿ ಕಂಬಳಿಯಿಂದ ಮೈ ತಿಕ್ಕಿದಳು. ಹೆಂಡತಿ ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ಸ್ನಾನ ಮಾಡಿಸಿದಳು. ಎರಡು ತಿಂಗಳು ಹೀಗೇ ಹೋಯಿತು. ನಿದ್ದೆಯಿಲ್ಲದೆ ಅವನ ಮುಖ ಬತ್ತಿತು. ತಾಯಿ ಅವನನ್ನು ವೈದ್ಯನ ಮನೆಗೆ ಕರೆದುಕೊಂಡು ಹೋದಳು.

ಆ ವೈದ್ಯ ದಡ್ಡನಲ್ಲ. ದಡ್ಡನಾಗಿದ್ದರೆ ಈ ಕತೆ ಹೇಳುವ ಅಗತ್ಯವೇ ಇರಲಿಲ್ಲ. ಕೇಳಬೇಕಾದದ್ದನ್ನೆಲ್ಲ ಅವನು ಕೇಳಿದ. ಎದ್ದ ದದ್ದು ಅದೇ ಜಾಗದಲ್ಲಿ ಒಂದು ದಿನಕ್ಕಿಂತ ಹೆಚ್ಚು ನಿಲ್ಲುತ್ತದೆಯೇ? ಇಳಿದ ಮೇಲೆ ಕಲೆ ಉಳಿಯುತ್ತದೆಯೇ? ಜ್ವರ, ಕೀಲುನೋವು ಉಂಟೇ? ನಾಲಿಗೆ ಊದಿ ಉಸಿರು ಕಟ್ಟಿದ್ದು ಉಂಟೇ? ಬೇರೆ ಯಾವುದಾದರೂ ಔಷಧಿ ನಡೆಯುತ್ತಿದೆಯೇ? ಎಲ್ಲದಕ್ಕೂ ಇಲ್ಲ ಎಂದ ವ್ಯಾಪಾರಿ. ಇಂಥದ್ದು ತಿಂದ ಕೂಡಲೇ ಏಳುತ್ತದೆ ಎಂದೇನಾದರೂ ಇದೆಯೇ ಎಂದೂ ವೈದ್ಯ ಕೇಳಿದ. ಹಾಗೇನಿಲ್ಲ, ಉಪವಾಸವಿದ್ದ ದಿನವೂ ಎದ್ದಿದೆ ಎಂದ ವ್ಯಾಪಾರಿ.

ಇಷ್ಟು ಕೇಳಿದ ಮೇಲೆ ಕಾಯಿಲೆ ಯಾವುದೆಂದು ವೈದ್ಯನಿಗೆ ತಿಳಿಯಿತು. ಅವನ ಗುರು ಅವನಿಗೆ ಹೇಳಿಕೊಟ್ಟಿದ್ದ: ಹೀಗೆ ತಿಂಗಳುಗಟ್ಟಲೆ ಏಳುವ ಗಂಧೆಗೆ ಹೊರಗಿನ ಕಾರಣ ಸಿಗುವುದು ಅಪರೂಪ, ಮೈ ತನ್ನಷ್ಟಕ್ಕೆ ತಾನೇ ಕೆರಳುತ್ತದೆ, ವರ್ಷಕ್ಕೋ ಮೂರು ನಾಲ್ಕು ವರ್ಷಕ್ಕೋ ತಾನೇ ಬಿಟ್ಟುಹೋಗುತ್ತದೆ, ಅಲ್ಲಿಯ ತನಕ ಔಷಧಿ ಕೊಟ್ಟು ಕೆರೆತ ತಗ್ಗಿಸು, ಮನುಷ್ಯ ಮಲಗಿ ಎದ್ದು ಕೆಲಸಕ್ಕೆ ಹೋಗುವ ಹಾಗೆ ನೋಡಿಕೋ. ವೈದ್ಯ ಗುಳಿಗೆ ಕಟ್ಟಿಕೊಟ್ಟ. ಕೆರೆತ ಬಂದಾಗ ಮಾತ್ರವಲ್ಲ, ದಿನಾ ತಪ್ಪದೆ ತೆಗೆದುಕೋ ಎಂದ. ಇಲ್ಲಿಯ ತನಕ ಅವನಲ್ಲಿ ಒಂದು ತಪ್ಪು ಹುಡುಕು ನೋಡೋಣ. ಸಿಗುವುದಿಲ್ಲ.

ಆಗ ತಾಯಿ ಕೇಳಿದಳು, ಇದು ಯಾಕೆ ಬಂತು ಪಂಡಿತರೇ ಎಂದು.

ಜಗಲಿಯ ಮೇಲೆ ಹತ್ತು ಹನ್ನೆರಡು ಜನ ಕೂತಿದ್ದರು. ಎಲ್ಲರ ಕಿವಿಯೂ ಇತ್ತಲೇ ಇತ್ತು. ಗೊತ್ತಿಲ್ಲ ಎಂಬ ಮಾತು ವೈದ್ಯನ ನಾಲಿಗೆಯ ತುದಿಗೆ ಬಂದು ಹಿಂದೆ ಸರಿಯಿತು. ಮೂವತ್ತು ವರ್ಷದಲ್ಲಿ ಆ ಜಗಲಿಯ ಮುಂದೆ ಆ ಮಾತನ್ನು ಅವನು ಒಂದು ಸಲವೂ ಆಡಿರಲಿಲ್ಲ.

"ಊಟದಲ್ಲಿ ನಂಜಿದೆ, ತಾಯಿ," ಎಂದ.

ಅವನ ಮನಸ್ಸಿನಲ್ಲಿದ್ದದ್ದು ಬದನೇಕಾಯಿ, ಕುಂಬಳಕಾಯಿ, ಕಡಲೇಕಾಯಿ. ಗಾಯವಾದವರಿಗೆ, ಬಾಣಂತಿಯರಿಗೆ, ನಂಜಾಗುತ್ತೆ ತಿನ್ನಬೇಡ ಎನ್ನುತ್ತೇವಲ್ಲ, ಆ ನಂಜು. ಆದರೆ ಹಾವಿನ ಹಲ್ಲಿನಲ್ಲಿರುವುದಕ್ಕೂ ನಮ್ಮ ಜನ ನಂಜು ಎಂದೇ ಅನ್ನುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಾವ ನಂಜು ಯಾವ ಕಿವಿಗೆ ಬಿತ್ತೆಂದು ವೈದ್ಯ ತಿರುಗಿ ನೋಡಲಿಲ್ಲ.

ಮೊದಲು ಬದನೇಕಾಯಿ ಬಿಡಿಸಿದ. ಗುಳಿಗೆಯಿಂದ ಕೆರೆತ ಅರ್ಧಕ್ಕೆ ಇಳಿದಿತ್ತು, ಆದರೆ ದದ್ದು ನಿಲ್ಲಲಿಲ್ಲ. ಗುಳಿಗೆ ಹೆಚ್ಚಿಸಬೇಕಾಗಿತ್ತು. ಹೆಚ್ಚಿಸಿದರೆ ನಂಜಿನ ಮಾತು ಸುಳ್ಳಾಗುತ್ತದೆಯಲ್ಲ! ಅದಕ್ಕೆ ಪಥ್ಯ ಹೆಚ್ಚಿಸಿದ. ಕಡಲೇಕಾಯಿ ಹೋಯಿತು. ಮೊಸರು ಹೋಯಿತು. ಬೇಳೆ ಹೋಯಿತು. ಹುಳಿ, ಖಾರ ಹೋಯಿತು. ಆರು ತಿಂಗಳಿಗೆ ಆ ಮನೆಯಲ್ಲಿ ಅಕ್ಕಿ ಗಂಜಿ, ಉಪ್ಪು ಇಷ್ಟೇ ಉಳಿಯಿತು. ಗಂಡ ತಿನ್ನದ್ದು ತನಗೂ ಬೇಡವೆಂದು ಹೆಂಡತಿಯೂ ಗಂಜಿಯನ್ನೇ ಕುಡಿದಳು. ಅಯ್ಯೋ, ಅಷ್ಟು ಮಾಡಿದಳು ಆ ಹುಡುಗಿ. ದದ್ದು ಮಾತ್ರ ಸಂಜೆಯಾಯಿತೆಂದರೆ ಏಳುತ್ತಿತ್ತು.

ತಾಯಿ ಗಂಜಿಯ ತಟ್ಟೆಯನ್ನು ನೋಡುತ್ತಾ ಯೋಚನೆ ಮಾಡಿದಳು. ವೈದ್ಯ ಸುಳ್ಳು ಹೇಳುವವನಲ್ಲ. ಊಟದಲ್ಲಿ ನಂಜಿದೆ. ನಂಜಿನ ಪದಾರ್ಥವೆಲ್ಲ ಮನೆಯಿಂದ ಹೋಯಿತು. ಆದರೂ ನಂಜು ಹೋಗಲಿಲ್ಲ. ಹಾಗಾದರೆ ಅದು ಪದಾರ್ಥದಲ್ಲಿಲ್ಲ, ಬಡಿಸುವ ಕೈಯಲ್ಲಿದೆ. ನೋಡು, ತರ್ಕ ಎಷ್ಟು ಸರಿಯಾಗಿದೆ! ಆ ಮುದುಕಿ ಕೆಟ್ಟವಳಲ್ಲ. ವೈದ್ಯ ತೋರಿಸಿದ ದಾರಿಯಲ್ಲಿ ನೆಟ್ಟಗೆ ನಡೆದಳು, ಅಷ್ಟೇ.

ಸೊಸೆ ಬಂದ ವರ್ಷವೇ ಕಾಯಿಲೆ ಬಂದದ್ದೂ ಅವಳ ನೆನಪಿಗೆ ಬಂತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಗಂಡನನ್ನು ಕೈಯೊಳಗೆ ಇಟ್ಟುಕೊಳ್ಳಲು ಸೊಸೆ ಊಟದಲ್ಲಿ ಮದ್ದು ಹಾಕಿದ್ದಾಳೆ ಎಂದು ಪಕ್ಕದ ಮನೆಯವಳ ಹತ್ತಿರ ಹೇಳಿಕೊಂಡು ಅತ್ತಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ವಾರದೊಳಗೆ ಆ ಬೀದಿಯ ಹೆಂಗಸರು ಸೊಸೆ ಕೊಟ್ಟ ನೀರನ್ನೂ ಕುಡಿಯದಾದರು. ಅತ್ತೆ ತಾನೇ ಒಲೆಯ ಮುಂದೆ ಕೂತಳು. ಗಂಡ ತಡೆಯಲಿಲ್ಲ. ಕೆರೆದು ಕೆರೆದು ಸೋತ ಮನುಷ್ಯ, ಯಾರಾದರೂ ಒಬ್ಬರ ಮೇಲೆ ತಪ್ಪು ಹೊರಿಸಿದರೆ ಸಾಕಾಗಿತ್ತು ಅವನಿಗೆ.

ಸೊಸೆ ಒಬ್ಬಳೇ ವೈದ್ಯನ ಮನೆಗೆ ನಡೆದುಕೊಂಡು ಬಂದಳು. ಜಗಲಿಯ ಮೇಲಿದ್ದ ಹೆಂಗಸರು ಸರಿದು ಕೂತರು. ಅವಳು ಒಳಗೆ ಬಂದು ಬಾಗಿಲ ಹತ್ತಿರವೇ ನಿಂತಳು.

"ನೀವು ನಂಜು ಅಂದ್ರಂತೆ. ನಾನು ಏನೂ ಹಾಕಿಲ್ಲ, ಸ್ವಾಮಿ. ಒಂದ್ಸಲ ಬಂದು ನಮ್ಮತ್ತೆಗೆ ಹೇಳಿ."

"ನಾನು ಅಂದದ್ದು ಬದನೇಕಾಯಿ ನಂಜು ಅಂತ ಕಣಮ್ಮ. ನಿನ್ನನ್ನಲ್ಲ."

"ಬದನೇಕಾಯಿ ಬಿಟ್ಟು ಏಳು ತಿಂಗಳಾಯ್ತು. ಹಾಗಾದ್ರೆ ಯಾತರಿಂದ ಅಂತ ಕೇಳ್ತಾರೆ. ಗೊತ್ತಿಲ್ಲ ಅಂತ ಹೇಳಿಬಿಡಿ ಸ್ವಾಮಿ. ಆ ಒಂದು ಮಾತು ಸಾಕು, ನಾನು ಬದುಕ್ಕೊಳ್ತೀನಿ."

ವೈದ್ಯ ಜಗಲಿಯ ಕಡೆ ನೋಡಿದ. "ಹೋಗಮ್ಮ, ಹುಣ್ಣಿಮೆ ಕಳೀಲಿ, ಬರ್ತೀನಿ," ಎಂದ.

ಹುಣ್ಣಿಮೆ ಕಳೆದ ಮೇಲೆ ಒಂದು ದಿನ ಹೊರಟದ್ದೂ ನಿಜ. ಚಪ್ಪಲಿ ಮೆಟ್ಟಿಕೊಂಡು ಬೀದಿಯ ತಿರುವಿನವರೆಗೆ ಹೋದ. ಅಲ್ಲಿ ಒಬ್ಬ ರೈತ ಎದುರಿಗೆ ಬಂದು ಕೈ ಮುಗಿದ. ಪಂಡಿತರೇ, ಬೆಲ್ಲದಂಗಡಿ ಮನೆಯ ಗುಟ್ಟನ್ನು ನಾಡಿ ಹಿಡಿದೇ ಹೇಳಿಬಿಟ್ರಂತಲ್ಲ, ನಿಮ್ಮ ಬಾಯಲ್ಲಿ ಬಂದದ್ದು ಸುಳ್ಳಾಗೋದುಂಟೇ ಎಂದ. ವೈದ್ಯ ನಕ್ಕು, ಅಲ್ಲಿಂದಲೇ ಹಿಂದಿರುಗಿದ. ವ್ಯಾಪಾರಿಯ ಮನೆ ಅಲ್ಲಿಂದ ಎಷ್ಟು ದೂರ ಗೊತ್ತೇ? ಒಂದು ಬೀದಿ. ಥೂ, ಒಂದೇ ಒಂದು ಬೀದಿ.

ಅವಳನ್ನು ತವರಿಗೆ ಕಳಿಸಿದರು. ಗಾಡಿ ಹತ್ತುವಾಗ ಗಂಡ ಹೊಸ್ತಿಲಲ್ಲಿ ನಿಂತು ಮೊಣಕೈ ಕೆರೆದುಕೊಳ್ಳುತ್ತಿದ್ದ. ಬೇವಿನ ನೀರು ತರಲೆಂದು ಅವಳು ಅಭ್ಯಾಸ ಬಲದಿಂದ ಒಂದು ಹೆಜ್ಜೆ ಒಳಗಿಟ್ಟಳು. ಅತ್ತೆ ಅಡ್ಡ ನಿಂತಳು. ಅವಳು ಹಾಗೇ ತಿರುಗಿ ಗಾಡಿ ಹತ್ತಿದಳು.

ತವರಿನಲ್ಲಿ ಅಪ್ಪ ಅಮ್ಮ ಇರಲಿಲ್ಲ, ಅಣ್ಣ ಅತ್ತಿಗೆ ಇದ್ದರು. ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಅತ್ತಿಗೆ ಬೈಯಲಿಲ್ಲ, ಹೊಟ್ಟೆಗೆ ಕಡಿಮೆ ಮಾಡಲಿಲ್ಲ. ಒಲೆಯ ಹತ್ತಿರ ಮಾತ್ರ ಬರಬೇಡ ಎಂದಳು. ಅವಳು ಅಂಗಳ ಗುಡಿಸಿದಳು, ಸಗಣಿ ಬಾಚಿದಳು, ಬಟ್ಟೆ ಒಗೆದಳು. ಅವಳು ಮುಟ್ಟಿದ ಪಾತ್ರೆಯನ್ನು ಅತ್ತಿಗೆ ಇನ್ನೊಂದು ಸಲ ತೊಳೆದುಕೊಳ್ಳುತ್ತಿದ್ದಳು.

ಆದರೂ ಅವಳಿಗೆ ಒಂದು ಧೈರ್ಯವಿತ್ತು. ಗಂಡನ ಊರಿನಿಂದ ಬಂದವರನ್ನೆಲ್ಲ ತಡೆದು ಕೇಳುತ್ತಿದ್ದಳು, ಇನ್ನೂ ಏಳುತ್ತಾ ಎಂದು. ಏಳುತ್ತೆ ಎಂದರೆ ಅವಳ ಜೀವಕ್ಕೆ ತಂಪು. ಗಂಡನ ಮೇಲಿನ ಸಿಟ್ಟಿಗಲ್ಲ. ತಾನು ಬಿಟ್ಟು ಬಂದ ಮೇಲೂ ದದ್ದು ಏಳುತ್ತಿದ್ದರೆ, ತನ್ನ ಕೈಯಲ್ಲಿ ನಂಜಿಲ್ಲವೆಂದು ಇಂದಲ್ಲ ನಾಳೆ ಅವರಿಗೆ ಹೊಳೆದೀತು. ಅವಳ ಪರವಾಗಿ ಇದ್ದ ಸಾಕ್ಷಿ ಅದೊಂದೇ. ಅಲ್ಲಿ ಅತ್ತೆ ಹೇಳುತ್ತಿದ್ದದ್ದು ಬೇರೆ. ಹಾಕಿದ್ದು ರಕ್ತಕ್ಕೆ ಇಳಿದಿದೆ, ನಿಧಾನವಾಗಿ ಬಿಡುತ್ತೆ ಎನ್ನುತ್ತಿದ್ದಳು.

ಮೂರನೇ ವರ್ಷ, ಯುಗಾದಿ ಕಳೆದ ಮೇಲೆ, ಗಂಧೆ ನಿಂತಿತು. ತಾನೇ ಬಂದದ್ದು ತಾನೇ ಹೋಯಿತು. ತಾಯಿ ತಟ್ಟೆಯಲ್ಲಿ ಹಣ್ಣು, ಎಲೆ ಅಡಿಕೆ, ಪಂಚೆ ಇಟ್ಟುಕೊಂಡು ವೈದ್ಯನ ಮನೆಗೆ ಬಂದಳು. ನೀವು ಹೇಳಿದ್ದೇ ನಿಜವಾಯ್ತು ಎಂದು ಎಲ್ಲರ ಎದುರು ಅವನ ಕಾಲಿಗೆ ಬಿದ್ದಳು. ಆಗಲಾದರೂ ಬಾಯಿ ಬಿಡಬಹುದಿತ್ತು. ವೈದ್ಯ ತಟ್ಟೆ ತೆಗೆದುಕೊಂಡ.

ಆ ಸುದ್ದಿಯೂ ತವರಿಗೆ ಹೋಯಿತು. ಅವಳು ಬಾವಿಗೆ ಬೀಳಲಿಲ್ಲ. ಬಿದ್ದಿದ್ದರೆ ಊರು ಒಂದು ದಿನವಾದರೂ ಮರುಗುತ್ತಿತ್ತು. ದಾರಿಹೋಕರನ್ನು ಕೇಳುವುದನ್ನು ಬಿಟ್ಟಳು. ಊಟಕ್ಕೆ ಕೂತಾಗ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳಂತೆ.

ಒಂದು ದಿನ ಅಣ್ಣ ಅತ್ತಿಗೆ ಹೊಲಕ್ಕೆ ಹೋಗಿದ್ದರು. ತೊಟ್ಟಿಲಲ್ಲಿದ್ದ ಅವರ ಕೂಸು ಹಸಿದು ಅಳುತ್ತಿತ್ತು. ಕಾಯಿಸಿದ ಹಾಲು ಒಲೆಯ ಪಕ್ಕದಲ್ಲೇ ಇತ್ತು. ಬೇಡ ಎನ್ನುವವರು ಯಾರೂ ಮನೆಯಲ್ಲಿರಲಿಲ್ಲ. ಅವಳು ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬೀದಿಗೆ ಓಡಿ, ಎದುರು ಮನೆಯವಳನ್ನು ಕೂಗಿದಳು.

"ಅಕ್ಕಾ, ಬೇಗ ಬನ್ನಿ. ಕೂಸಿಗೆ ನೀವೇ ಹಾಲು ಕುಡಿಸಿ. ನಾನು ಮುಟ್ಟಬಾರದು."

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಹೊರಗೆ ಬೆಂಚಿನ ಮೇಲೆ ರೋಗಿಗಳು ಕಾಯುತ್ತಿದ್ದರು. ಇಂದುಧರ ಕೇಳಿದ.

"ಇಷ್ಟೆಲ್ಲ ಆದ ಮೇಲೆ ಆ ವೈದ್ಯನ ಮೇಲಿನ ನಂಬಿಕೆ ಹೋಗಿರಬೇಕಲ್ಲ, ಸರ್?"

"ಇಲ್ಲ ತಮ್ಮಾ, ಅವಳಿಗೂ ಹೋಗಲಿಲ್ಲ."