ಚಂದ್ರನ ಮೇಲಿನ ಭಾಷಣ

"ಇನ್ನೆರಡು ವರ್ಷದಾಗ ಚಂದ್ರನ ಮ್ಯಾಲೆ ನಮ್ಮ ಜಿಲ್ಲಾ ಭವನ! ಉದ್ಘಾಟನಾ ಭಾಷಣ ಅಲ್ಲೇ ಮಾಡ್ತೀನಿ!" ಎಂದರು ಸಚಿವರು. ಪತ್ರಿಕಾಗೋಷ್ಠಿಗೆ ಮೈಕ್ ಹಾಕಲು ಬಂದಿದ್ದ ದಾವಲಸಾಬ ಕನಸಿಗೆ ಜಾರಿ, ಆಗಲೇ ಚಂದ್ರನ ಬೂದಿ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದ.

ಪತ್ರಕರ್ತರು ತಲೆ ಎತ್ತದೆ ಬರೆದುಕೊಂಡರು.

"ಹೆಂಗಂತ ಒಬ್ರೂ ಯಾಕ ಕೇಳವಲ್ರಿ?" ಎಂದು ದಾವಲಸಾಬ ಪಕ್ಕದ ವರದಿಗಾರ ಗವಿಸಿದ್ದಪ್ಪನನ್ನು ಮೆಲ್ಲಗೆ ಕೇಳಿದ.

"ಕೇಳಿದ್ರ ರಾಕೆಟ್ ನೋಡಾಕ ಕರ್ಕೊಂಡು ಹೋಗೋ ಪಟ್ಟಿಯಿಂದ ಹೆಸರು ತೆಗೀತಾರ. ಅಲ್ದ, ಚಂದ್ರನ ವಿಷಯ ನಮಗರ ಏನ್ ಗೊತ್ತೋ ಮಾರಾಯಾ?"

ಅಷ್ಟರಲ್ಲಿ ಸಚಿವರು ಗುಡುಗಿದರು: "ಏ ಮೈಕಿನವನ, ಅಲ್ಲಿಗೂ ನೀನ ಬರಬೇಕು. ಈಗ್ಲೇ ಒಪ್ಕೋ!"

ದಾವಲಸಾಬ ಕೈಮುಗಿದ. "ಬರ್ತೀನ್ರಿ ಸಾಹೇಬ್ರ. ಆದ್ರ ಅಲ್ಲಿ ಗಾಳಿ ಇಲ್ಲಂತ. ಗಾಳಿ ಇಲ್ದ ದನಿ ಮುಂದ ಹೋಗಂಗಿಲ್ಲ. ಎಷ್ಟು ದೊಡ್ಡ ಮೈಕ್ ಹಚ್ಚಿದ್ರೂ ನಿಮ್ಮ ಭಾಷಣ ಯಾರಿಗೂ ಕೇಳಂಗಿಲ್ಲ."

ಸಚಿವರ ಮುಖ ಬಾಡಿತು. "ಒಂದು ಮಾತೂ?"

"ಒಂದು ಅಕ್ಷರಾನೂ ಇಲ್ರಿ."

ಸಚಿವರು ಮೇಜು ಕುಟ್ಟಿದರು. "ಹಂಗಾರ ಆ ಯೋಜನೆ ರದ್ದು!"

ಪತ್ರಕರ್ತರು ಅದನ್ನೂ ಬರೆದುಕೊಂಡರು.

ದಾವಲಸಾಬ ವೈರು ಸುತ್ತಿಕೊಂಡು ಹೊರಬಂದಾಗ ಸಂಜೆಯ ಚಂದ್ರ ಕಾಣುತ್ತಿದ್ದ. ಭಾಷಣವೇ ಕೇಳಿಸದ ಜಾಗ ಎಷ್ಟು ತಣ್ಣಗಿರಬೇಕು ಎನ್ನಿಸಿ, ಅವನು ಮೆಟ್ಟಿಲ ಮೇಲೆ ಕೂತು ಚಂದ್ರನನ್ನೇ ನೋಡಿದ.