ಗಿರಣಿ ಗುರುಮಲ್ಲಪ್ಪ ಖೋ ಖೋ ಸಾಲಿನಲ್ಲಿ ಕೂತ ದಿನ

ಗುರುಮಲ್ಲಪ್ಪನದು ಹಿಟ್ಟಿನ ಗಿರಣಿ. ಇಪ್ಪತ್ತು ವರ್ಷ ಆ ಸದ್ದಿನ ಮೇಲೆ ಕೂಗಿ ಕೂಗಿ ಅವನ ಗಂಟಲು ಎಷ್ಟು ಪಳಗಿತ್ತೆಂದರೆ, ಊಟದ ಹೊತ್ತಿಗೆ ಅವನು ಉಪ್ಪು ಕೇಳಿದರೆ ಪಕ್ಕದ ಮನೆಯವರೂ ಉಪ್ಪಿನ ಡಬ್ಬಿ ಹುಡುಕಬೇಕು. ಮನುಷ್ಯ ಮಾತ್ರ ಒಳ್ಳೆಯವನು. ಮಗಳು ದಾಕ್ಷಾಯಿಣಿ ಎಂದರೆ ಅವನಿಗೆ ಪ್ರಾಣ.

ದಾಕ್ಷಾಯಿಣಿಗೆ ಹನ್ನೆರಡು ವರ್ಷ. ಮೆಲುದನಿಯ ಹುಡುಗಿ. ಶಾಲೆಯ ಖೋ ಖೋ ತಂಡದಲ್ಲಿ ಆಡುತ್ತಿದ್ದಳು. ಆ ತಂಡವನ್ನು ಕಟ್ಟಿದವರು ಶಾಹಿದಾ ಟೀಚರ್, ಶಾಲೆಯ ಆಟದ ಮೇಷ್ಟ್ರು ಅವರೇ.

ಖೋ ಖೋ ನಿಮಗೆ ಗೊತ್ತಲ್ಲ ಮಕ್ಕಳೇ? ಎಂಟು ಜನ ಸಾಲಾಗಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ, ಒಬ್ಬರ ಮುಖ ಈ ಕಡೆ, ಪಕ್ಕದವರ ಮುಖ ಆ ಕಡೆ. ಒಂಬತ್ತನೆಯವಳು ಎದುರಾಳಿಯನ್ನು ಅಟ್ಟಿಸಿಕೊಂಡು ಹೋಗುತ್ತಾಳೆ. ಅವಳು ಬೆನ್ನ ಹಿಂದೆ ಬಂದು ‘ಖೋ’ ಎಂದಾಗ ಮಾತ್ರ ಕೂತವಳು ಎದ್ದು ಓಡಬೇಕು. ಅದಕ್ಕೆ ಮೊದಲು ಎದ್ದರೆ ತಪ್ಪು. ಹಾಗಾಗಿ ಕೂತವಳ ಕಣ್ಣು ಮುಂದಿದ್ದರೂ ಕಿವಿಯೆಲ್ಲ ಬೆನ್ನ ಹಿಂದೆಯೇ ಇರಬೇಕು.

ಗುರುಮಲ್ಲಪ್ಪ ಖೋ ಖೋ ಆಡಿದವನಲ್ಲ. ಹುಡುಗನಾಗಿದ್ದಾಗ ಕಬಡ್ಡಿ ಆಡಿದ್ದ. ಕಬಡ್ಡಿಯಲ್ಲಿ ಊರೆಲ್ಲ ಕೂಗಿದರೇ ಆಟಕ್ಕೆ ರಂಗು. ಸಂಜೆ ನಾಲ್ಕೂವರೆಗೆ ರಾಗಿ ತಂದವರನ್ನು ಬಾಗಿಲಲ್ಲೇ ಕೂರಿಸಿ, ಗಿರಣಿ ನಿಲ್ಲಿಸಿ, ಅವನು ಮೈದಾನದ ಅಂಚಿಗೆ ಬಂದು ನಿಲ್ಲುತ್ತಿದ್ದ. ಎಡಕ್ಕೆ ಓಡು, ಬಲಕ್ಕೆ ತಿರುಗು, ಈಗ ಏಳು, ಈಗ ಬಾಗು ಎಂದು ಕೂಗುತ್ತಿದ್ದ. ಟೀಚರ್ ಒಂದು ಹೇಳಿದರೆ ಅವನದು ಇನ್ನೊಂದು. ಮಗಳನ್ನು ಮೂರನೇ ಚೌಕದಲ್ಲಿ ಯಾಕೆ ಕೂರಿಸಿದ್ದೀರಿ, ಕೊನೆಗೆ ಕೂರಿಸಿ ಎಂದು ಪೋಷಕರ ವಾಟ್ಸಾಪ್ ಗುಂಪಿನಲ್ಲಿ ದಿನಾ ಬರೆಯುತ್ತಿದ್ದ. ಮನೆಗೆ ಬಂದ ಮೇಲೂ ಬಿಡುತ್ತಿರಲಿಲ್ಲ. ತಟ್ಟೆಯ ಅಂಚಿನಲ್ಲಿ ಎಂಟು ಕಡಲೆಕಾಯಿ ಬೀಜ ಸಾಲಾಗಿ ಇಟ್ಟು ಪಾಠ ಹೇಳುತ್ತಿದ್ದ. ದಾಕ್ಷಾಯಿಣಿ ತಲೆ ತಗ್ಗಿಸಿ ಮುದ್ದೆ ನುಂಗುತ್ತಿದ್ದಳು.

ಒಂದು ದಿನ ಪಕ್ಕದ ಊರಿನ ಶಾಲೆಯವರ ಜೊತೆ ಸ್ನೇಹದ ಪಂದ್ಯ ನಡೆಯಿತು. ಕೊನೆಯ ನಿಮಿಷ. ಇನ್ನೊಬ್ಬಳನ್ನು ಮುಟ್ಟಿದರೆ ಅಂಕ ಸಮ. ಎದುರಾಳಿ ಹುಡುಗಿ ದಾಕ್ಷಾಯಿಣಿಯ ಮುಂದೆಯೇ ಸುಳಿದಳು. ಅಟ್ಟುತ್ತಿದ್ದ ಗೆಳತಿ ರೇಣುಕಾ ಇನ್ನೂ ಎರಡು ಹೆಜ್ಜೆ ದೂರದಲ್ಲಿದ್ದಳು. ಅಷ್ಟರಲ್ಲಿ ಅಂಚಿನಿಂದ ಗುರುಮಲ್ಲಪ್ಪನ ದನಿ ಬಂತು, “ಏಳು ಮಗಾ, ಏಳು!”

ದಾಕ್ಷಾಯಿಣಿ ಎದ್ದೇಬಿಟ್ಟಳು. ಸೀಟಿ ಕೂಗಿತು. ತಪ್ಪು. ಎದುರಾಳಿ ತಪ್ಪಿಸಿಕೊಂಡಳು, ಪಂದ್ಯ ಕೈತಪ್ಪಿತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗುರುಮಲ್ಲಪ್ಪ ಎಲ್ಲರ ಎದುರಿಗೇ ಟೀಚರ ಕಲಿಸುವ ರೀತಿಯೇ ಸರಿಯಿಲ್ಲ ಎಂದ. ಶಾಹಿದಾ ಟೀಚರ್ ಮಕ್ಕಳಿಗೆ ನೀರು ಕೊಡಲು ಹೋದರು. ಸ್ಕೂಟರಿನ ಹಿಂದೆ ಕೂತ ದಾಕ್ಷಾಯಿಣಿ ಮನೆಯವರೆಗೆ ಮಾತಾಡಲಿಲ್ಲ.

ಮೂರನೇ ದಿನ ಹೆಂಡತಿ ಸುಂದ್ರಮ್ಮ ಅವನ ಮುಂದೆ ತಟ್ಟೆ ಇಡುತ್ತಾ ಅಂದಳು, “ಮಗು ಆಟ ಬುಡ್ತದಂತೆ. ಹೋಬಳಿ ಪಂದ್ಯಕ್ಕೆ ಹೆಸರು ತಗ್ದಾಕಿ ಅಂತ ಟೀಚರ್‌ಗೆ ಹೇಳ್ಬುಟ್ಟು ಬಂದದೆ.”

ಗುರುಮಲ್ಲಪ್ಪ ಕೈಗೆತ್ತಿದ ಮುದ್ದೆಯನ್ನು ತಟ್ಟೆಗೇ ಇಟ್ಟ. ನಡೆಯಲು ಕಲಿಯುವ ಮೊದಲೇ ಓಡಿದ ಮಗು ಅದು. ಇದೆಲ್ಲ ಆ ಟೀಚರಿಂದಲೇ ಆದದ್ದು ಎಂದುಕೊಂಡು, ಸಂಜೆ ಮಗಳನ್ನೂ ಕರೆದುಕೊಂಡು ಜಗಳಕ್ಕೆಂದೇ ಮೈದಾನಕ್ಕೆ ಹೋದ.

ಶಾಹಿದಾ ಟೀಚರ್ ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು, “ಆಯ್ತು ಅಣ್ಣ. ಇವತ್ತು ಅಟ್ಟೋ ರೇಣುಕಾ ಜ್ವರ ಅಂತ ಬಂದಿಲ್ಲ, ಸಾಲಲ್ಲಿ ದಾಕ್ಷಾಯಿಣಿಯ ಮೂರನೇ ಚೌಕನೂ ಖಾಲಿ ಇದೆ. ನೀವು ಸ್ವಲ್ಪ ಕೂತ್ಕೊಳ್ಳಿ. ದಾಕ್ಷಾಯಿಣಿ, ಇವತ್ತೊಂದಿನ ಅಟ್ಟೋಳು ನೀನೇ ಆಗಮ್ಮ.”

ಒಲ್ಲೆ ಎಂದರೆ ಮಗಳ ಮುಂದೆ ಮಾನ ಹೋಗುತ್ತದೆ. ಗುರುಮಲ್ಲಪ್ಪ ಪಂಚೆ ಎತ್ತಿ ಕಟ್ಟಿ, ಉಸ್ಸೆಂದು ಕುಕ್ಕರಗಾಲಿನಲ್ಲಿ ಕೂತ. ಮೊಣಕಾಲು ಎರಡೂ ಒಟ್ಟಿಗೆ ಲಟಕ್ ಎಂದವು. ಟೀಚರ್ ಚಿಕ್ಕ ತರಗತಿಯ ಮಕ್ಕಳನ್ನು ಕರೆದು, ಅಂಚಿನಲ್ಲಿ ನಿಂತು ಈ ಮಾವನಿಗೆ ಆಟ ಹೇಳಿಕೊಡಿ ಎಂದರು. ಮಕ್ಕಳಿಗೆ ಇನ್ನೇನು ಬೇಕು? ದಿನಾ ನೋಡಿದ್ದರಲ್ಲ, ಸೊಂಟಕ್ಕೆ ಕೈ ಕೊಟ್ಟು, ಅವನದೇ ರಾಗದಲ್ಲಿ ಶುರು ಮಾಡಿದರು. ಎಡಕ್ಕೆ, ಬಲಕ್ಕೆ, ಏಳು, ಬಾಗು.

ಮೊದಲ ಸಲ ಗುರುಮಲ್ಲಪ್ಪ ಆ ಕೂಗಿಗೇ ಎದ್ದ. ಸೀಟಿ. ಎರಡನೇ ಸಲವೂ ಎದ್ದ. ಮತ್ತೆ ಸೀಟಿ. ಮೂರನೇ ಸಲ ಏನಾದರಾಗಲಿ ಎಂದು ಬಿಗಿಯಾಗಿ ಕೂತೇ ಇದ್ದ. ಎಷ್ಟು ಹೊತ್ತಾದರೂ ಬೆನ್ನ ಹಿಂದಿನಿಂದ ಯಾರೂ ಕರೆಯಲಿಲ್ಲ. ತಿರುಗಿ ನೋಡಿದರೆ ಮಗಳು ಅಲ್ಲೇ ನಿಂತಿದ್ದಳು, ಏದುಸಿರು ಬಿಡುತ್ತಾ.

“ಮೂರು ಸಲ ಖೋ ಅಂದೆ ಅಪ್ಪಾಜಿ,” ಅಂದಳು.

“ಕೇಳ್ನಿಲ್ಲ ಮಗಾ.”

“ನಂಗೂ ಹಿಂಗೇ. ರೇಣುಕಾ ಕರ್ದಿದ್ದು ಕೇಳಲ್ಲ, ಟೀಚರ್ ಹೇಳಿದ್ದು ಕೇಳಲ್ಲ. ನಿಮ್ಮ ದನಿ ಒಂದೇ ಕೇಳೋದು.”

ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ, ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಗುರುಮಲ್ಲಪ್ಪ ಒಂದು ವರ್ಷದಿಂದ ದಿನಾ ಮೈದಾನಕ್ಕೆ ಬಂದಿದ್ದಾನೆ, ಆದರೆ ಮಗಳು ಖೋ ಎನ್ನುವ ದನಿಯನ್ನು ಅವನು ಒಂದು ದಿನವೂ ಕೇಳಿರಲಿಲ್ಲ.

ಅವನು ಮೆಲ್ಲಗೆ ಎದ್ದು ಟೀಚರ ಹತ್ತಿರ ಹೋದ. ನಿಮ್ಮನ್ನು ಅಂದದ್ದು ತಪ್ಪಾಯಿತು, ನಾಳೆಯಿಂದ ಈ ಕಡೆ ತಲೆ ಹಾಕುವುದಿಲ್ಲ ಎಂದ. ಟೀಚರ್ ಬೇಡ ಎಂಬಂತೆ ತಲೆಯಾಡಿಸಿದರು.

“ಹಂಗೆ ಮಾಡ್ಬೇಡಿ ಅಣ್ಣ. ನೀವು ಬರ್ಲಿಲ್ಲ ಅಂದ್ರೆ ಅವಳ ಕಣ್ಣು ಗೇಟ್ ಕಡೆನೇ ಇರುತ್ತೆ. ದಿನಾ ಬನ್ನಿ. ನೀರಿನ ಕ್ಯಾನ್ ನೋಡ್ಕೊಳ್ಳಿ, ಆಟ ನಮಗೆ ಬಿಡಿ.”

ಹೋಬಳಿ ಪಂದ್ಯದ ಪಟ್ಟಿಯಲ್ಲಿ ದಾಕ್ಷಾಯಿಣಿಯ ಹೆಸರು ಹಾಗೇ ಇತ್ತು. ಟೀಚರ್ ಅದನ್ನು ಹೊಡೆದುಹಾಕಿಯೇ ಇರಲಿಲ್ಲ. ಪಂದ್ಯದ ದಿನ ಗುರುಮಲ್ಲಪ್ಪ ಬಾಯಲ್ಲೊಂದು ಬೆಲ್ಲದ ಅಚ್ಚು ಇಟ್ಟುಕೊಂಡು ನೀರಿನ ಕ್ಯಾನಿನ ಪಕ್ಕ ನಿಂತ. ತನ್ನ ಬಾಯಿಯ ಮೇಲೆ ಅವನಿಗೇ ಅಷ್ಟು ನಂಬಿಕೆ!

ಕೊನೆಯ ನಿಮಿಷದಲ್ಲಿ ಹಿಂದಿನಂತೆಯೇ ಆಯಿತು. ಎದುರಾಳಿ ದಾಕ್ಷಾಯಿಣಿಯ ಮುಂದೆ ಸುಳಿದಳು, ರೇಣುಕಾ ಎರಡು ಹೆಜ್ಜೆ ದೂರದಲ್ಲಿದ್ದಳು. ಅಭ್ಯಾಸಬಲ, ದಾಕ್ಷಾಯಿಣಿ ಅಪ್ಪನ ಕಡೆ ನೋಡಿದಳು. ಮಾತೆಲ್ಲ ಗುರುಮಲ್ಲಪ್ಪನ ಗಂಟಲಿಗೆ ಬಂದು ನಿಂತಿತು. ಅವನು ಥಟ್ಟನೆ ಬಾಗಿ, ತುಂಬಿದ್ದ ಲೋಟಕ್ಕೇ ಮತ್ತೆ ನೀರು ಬಿಡತೊಡಗಿದ. ನೀರು ಉಕ್ಕಿ ಅವನ ಚಪ್ಪಲಿ ತೊಯ್ಯಿತು. ತಲೆ ಎತ್ತಲಿಲ್ಲ.

ಆಗ ಕಿವಿಗೆ ಬಿತ್ತು, ರೇಣುಕಾಳ ಖೋ. ಹಿಂದೆಯೇ ಓಡುವ ಹೆಜ್ಜೆಗಳ ಸದ್ದು. ಆಮೇಲೆ ಸಣ್ಣದೊಂದು ದನಿ, ಖೋ. ಅದು ಅವನ ಮಗಳದು. ಸಣ್ಣದಾದರೂ ಎಷ್ಟು ಗಟ್ಟಿಯಾಗಿತ್ತು ಎಂದು ಅವನು ಇವತ್ತಿಗೂ ರಾಗಿ ತಂದವರಿಗೆಲ್ಲ ಹೇಳುತ್ತಾನೆ.

ಗೆದ್ದರಾ ಎಂದು ಕೇಳುತ್ತೀರಿ. ಇಲ್ಲ, ಒಂದು ಅಂಕದಿಂದ ಸೋತರು. ಆದರೆ ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತ ದಾಕ್ಷಾಯಿಣಿ ಬಾಯಿ ಮುಚ್ಚಲಿಲ್ಲ. ಯಾರು ಎಲ್ಲಿ ಬಿದ್ದರು, ರೇಣುಕಾ ಏನಂದಳು, ತಾನು ಹೇಗೆ ತಿರುಗಿದೆ, ಎಲ್ಲ ಹೇಳಿದಳು. ಗುರುಮಲ್ಲಪ್ಪ ಹೂಂ ಎನ್ನುತ್ತಾ, ಹತ್ತಿರದ ದಾರಿ ಬಿಟ್ಟು ಸುತ್ತಿನ ದಾರಿ ಹಿಡಿದ. ಮನೆ ಬಂದಾಗ ಅವಳು ಇಳಿದು ಕೇಳಿದಳು,

“ನಾಳೆನೂ ಮೈದಾನಕ್ಕೆ ಬರ್ತೀರಾ ಅಪ್ಪಾಜಿ?”

ಅದುವರೆಗೆ ಅವಳು ಅಪ್ಪನನ್ನು ಮೈದಾನಕ್ಕೆ ಒಂದು ಸಲವೂ ಕರೆದಿರಲಿಲ್ಲ.

ನೀತಿ: ಮಕ್ಕಳ ಆಟಕ್ಕೆ ಹೆತ್ತವರು ಬೇಕು, ಹೆತ್ತವರ ಕೂಗು ಬೇಡ. ಕಲಿಸುವವರನ್ನು ಕಲಿಸಲು ಬಿಟ್ಟು, ನಾವು ನೀರಿನ ಲೋಟ ಹಿಡಿದು ಸುಮ್ಮನೆ ನಿಂತರೆ, ಮಗುವಿನ ದನಿ ನಮಗೂ ಕೇಳುತ್ತದೆ.